'ತಣ್ಣೀರು' ಅನ್ನೋ ಸಿನಿಮಾ 24 ವರ್ಷ ಎಲ್ಲಿತ್ತು?

ಪ್ರಶ್ನೆ: 1994ರಲ್ಲಿ ಓದೋಕೆ ಅಂತ ಒಂದು ವರ್ಷ ಫ್ರಾನ್ಸ್‌ನ ಗ್ರೆನೋಬ್ಲ್‌ನಲ್ಲಿದ್ದೆ. ಒಂದು ರಾತ್ರಿ ಹಾಸ್ಟೆಲ್ ಟಿವಿಯಲ್ಲಿ ಒಂದು ಸಿನಿಮಾ ನೋಡಿದೆ. ಒಬ್ಬ ಹುಡುಗ, ಒಬ್ಬಳು ಹುಡುಗಿ, ಇಬ್ಬರಿಗೂ ಹದಿನಾರು ಹದಿನೇಳು ಇರಬಹುದು. ಅಂಗಡಿಯಲ್ಲಿ ರೆಕಾರ್ಡ್ ಕದೀತಾರೆ, ಪಾಳು ಮನೆ ಹತ್ತಿರ ದೊಡ್ಡ ಬೆಂಕಿ ಹಾಕಿ ಕುಣೀತಾರೆ, ಆಮೇಲೆ ಮನೆ ಬಿಟ್ಟು ಹೊರಡ್ತಾರೆ. ಕೊನೆಗೆ ಒಂದು ಖಾಲಿ ಹಾಳೆ. ಅದು ಮನಸ್ಸಿಂದ ಹೋಗಲೇ ಇಲ್ಲ. ಎಷ್ಟೋ ವರ್ಷ ಹುಡುಕಿದೆ, ಎಲ್ಲೂ ಸಿಗಲಿಲ್ಲ. ಮಕ್ಕಳು ಓಡಿಹೋಗೋಕೆ ಕುಮ್ಮಕ್ಕು ಕೊಡುತ್ತೆ ಅಂತ ಅದನ್ನು ಬ್ಯಾನ್ ಮಾಡಿದ್ದಾರೆ ಅಂದರು ಒಬ್ಬರು. ನಿರ್ದೇಶಕನೇ ನಾಚಿಕೊಂಡು ಬಚ್ಚಿಟ್ಟ ಅಂದರು ಇನ್ನೊಬ್ಬರು. ಈಗ ಇಂಟರ್ನೆಟ್‌ನಲ್ಲಿ ಒಂದು ಕಾಪಿ ಸಿಕ್ಕಿದೆ. ಒಂದೂವರೆ ಗಂಟೆ ಇದೆ, ನಾನು ನೋಡಿದ್ದು ಒಂದು ಗಂಟೆ ಅಂತ ನೆನಪು. ಎರಡು ಕಡೆ ಸದ್ದೇ ಇಲ್ಲ. ನಮ್ಮ ಯಜಮಾನರಿಗೆ ಹಳೇ ಇಂಗ್ಲಿಷ್ ಹಾಡಿನ ಹುಚ್ಚು. ಕಥೆ 1972ರದ್ದು, ಹಾಡು ಮಾತ್ರ 1973ರದ್ದು, ಶ್ರುತಿನೂ ಸ್ವಲ್ಪ ಮೇಲಿದೆ, ಇದು ಯಾರೋ ಕೈಯಾಡಿಸಿದ ಕಾಪಿ ಅಂತಾರೆ. ನಿಜವಾದ ಸಿನಿಮಾ ಯಾವುದು? ಇನ್ನೊಂದು ವಿಷಯ. ನಮ್ಮ ಅಪಾರ್ಟ್‌ಮೆಂಟ್ ಹಾಲ್‌ನಲ್ಲಿ ತಿಂಗಳಿಗೊಂದು ಸಿನಿಮಾ ಹಾಕ್ತೀವಿ. ನನ್ನ ಮಗನಿಗೆ 16. ಅವನಿಗೂ ಅವನ ಸ್ನೇಹಿತರಿಗೂ ಇದನ್ನು ತೋರಿಸಬಹುದಾ? ಹೋದ ವರ್ಷ ಅವನ ಕ್ಲಾಸಿನ ಹುಡುಗನೊಬ್ಬ ಎರಡು ದಿನ ಮನೆ ಬಿಟ್ಟು ಹೋಗಿದ್ದ, ಅದಕ್ಕೇ ಭಯ.
— ಮೈಸೂರಿನ ಓದುಗರೊಬ್ಬರು

ಉತ್ತರ: ಮೇಡಂ, ನಿಮ್ಮ ನೆನಪು ಸರಿಯಾಗೇ ಇದೆ. ನೀವು ಹೇಳ್ತಿರೋ ಸಿನಿಮಾ 'ಲೋ ಫ್ರ್ವಾದ್', ಅಂದರೆ ತಣ್ಣೀರು. ನಿರ್ದೇಶಕ ಒಲಿವಿಯೆ ಅಸಾಯಸ್. ಹುಡುಗಿ ಕ್ರಿಸ್ತೀನ್ ಆಗಿ ವರ್ಜಿನಿ ಲೆದ್ವಾಯೆನ್, ಹುಡುಗ ಜಿಲ್ ಆಗಿ ಸಿಪ್ರಿಯಾಂ ಫೂಕೆ. ನಾನು ಇಪ್ಪತ್ತು ವರ್ಷದಿಂದ ಚಿತ್ರೋತ್ಸವಗಳಿಗೆ ಹೊರದೇಶದ ಪ್ರಿಂಟ್ ತರಿಸೋ ಕೆಲಸದಲ್ಲಿದ್ದೀನಿ. "ಈ ಸಿನಿಮಾ ಯಾಕೆ ಸಿಗ್ತಿಲ್ಲ?" ಅನ್ನೋ ಪ್ರಶ್ನೆಗೆ ಬ್ಯಾನ್ ಅನ್ನೋ ಉತ್ತರ ಎಷ್ಟು ಸಲ ಕೇಳಿದ್ದೀನೋ ಲೆಕ್ಕವಿಲ್ಲ. ಹತ್ತರಲ್ಲಿ ಒಂಬತ್ತು ಸಲ ಅದು ಸುಳ್ಳು. ಬ್ಯಾನ್ ಅಂದರೆ ಕೇಳೋಕೆ ರೋಚಕ ಅಷ್ಟೆ. ನಿಜವಾದ ಕಾರಣ ಯಾವುದೋ ಕಬ್ಬಿಣದ ಬೀರುವಿನಲ್ಲಿ ಅವಧಿ ಮುಗಿದ ಕರಾರು ಪತ್ರವಾಗಿ ಬಿದ್ದಿರುತ್ತೆ.

ಈ ಸಿನಿಮಾವನ್ನು ಯಾರೂ ಬ್ಯಾನ್ ಮಾಡಲಿಲ್ಲ. 1994ರ ಮೇ ತಿಂಗಳಲ್ಲಿ ಇದು ಕಾನ್ ಚಿತ್ರೋತ್ಸವದಲ್ಲಿ, 'ಅಂ ಸೆರ್ತಾಂ ರೆಗಾರ್' ಅನ್ನೋ ಅಧಿಕೃತ ವಿಭಾಗದಲ್ಲೇ ತೆರೆ ಕಂಡಿತು. ನಿರ್ದೇಶಕ ಬಚ್ಚಿಟ್ಟ ಅನ್ನೋದೂ ಸುಳ್ಳು. 2012ರಲ್ಲಿ ಅದೇ ಕಾಲದ ಬಗ್ಗೆ ಆತ ಮತ್ತೊಂದು ಸಿನಿಮಾ ಮಾಡಿದ. 'ಆಪ್ರೆ ಮೇ' ಅಂತ. ಅದರಲ್ಲೂ ಹುಡುಗನ ಹೆಸರು ಜಿಲ್, ಹುಡುಗಿ ಹೆಸರು ಕ್ರಿಸ್ತೀನ್. ನಾಚಿಕೊಂಡವನು ಹಾಗೆ ಮಾಡ್ತಾನಾ?

ನಿಮ್ಮ ಒಂದು ಗಂಟೆ, ಒಂದೂವರೆ ಗಂಟೆ ಗೊಂದಲ ಬಿಡಿಸಬೇಕಾದರೆ ಈ ಸಿನಿಮಾ ಹುಟ್ಟಿದ ಬಗೆ ಗೊತ್ತಿರಬೇಕು. ತೊಂಬತ್ತರ ದಶಕದ ಶುರುವಿನಲ್ಲಿ ಆರ್ತೆ ಅನ್ನೋ ಟಿವಿ ವಾಹಿನಿ ಒಂಬತ್ತು ನಿರ್ದೇಶಕರಿಗೆ ಒಂದೊಂದು ಸಿನಿಮಾ ಮಾಡಿ ಅಂತ ಹೇಳಿತು. ನಿಮ್ಮ ಹದಿಹರೆಯದ ಕಾಲದ ಕಥೆ ಇರಲಿ, ಸೂಪರ್ 16 ಫಿಲ್ಮ್‌ನಲ್ಲಿ ತೆಗೀರಿ, ಸುಮಾರು ಒಂದು ಗಂಟೆ ಇರಲಿ, ಆ ಕಾಲದ ಹಾಡುಗಳಿರಲಿ, ಮತ್ತೆ ಒಂದು ಪಾರ್ಟಿ ದೃಶ್ಯ ಇರಲೇಬೇಕು ಅಂತ ಕಟ್ಟುಪಾಡು. ಮಾಲೆಯ ಹೆಸರೂ 1962ರ ಒಂದು ಜನಪ್ರಿಯ ಫ್ರೆಂಚ್ ಹಾಡಿನಿಂದಲೇ ಬಂದಿದ್ದು. ಆಂದ್ರೆ ತೆಶಿನೆ, ಕ್ಲೇರ್ ದನಿ, ಶಾಂತಾಲ್ ಅಕೆರ್ಮಾನ್ ಎಲ್ಲ ಇದಕ್ಕೆ ಸಿನಿಮಾ ಮಾಡಿದರು. ಕೆಲವರು ಎರಡೆರಡು ರೂಪ ತಯಾರಿಸಿದರು, ಟಿವಿಗೆ ಚಿಕ್ಕದು, ಥಿಯೇಟರಿಗೆ ಉದ್ದದ್ದು. ಅಸಾಯಸ್ ಕೂಡ ಅಷ್ಟೇ. ಟಿವಿ ರೂಪಕ್ಕೆ ಬೇರೆ ಹೆಸರೇ ಇತ್ತು, 'ಲಾ ಪಾಜ್ ಬ್ಲಾಂಶ್', ಖಾಲಿ ಹಾಳೆ. 1994ರ ಕೊನೆಯ ತಿಂಗಳುಗಳಲ್ಲಿ ಆರ್ತೆಯಲ್ಲಿ ಬಂದಿದ್ದು ಅದು. ನೀವು ಹಾಸ್ಟೆಲ್‌ನಲ್ಲಿ ನೋಡಿದ್ದು ಅದೇ ಇರಬೇಕು. ಇಷ್ಟು ವರ್ಷ ನೀವು ಹುಡುಕಿದ್ದು ಒಂದು ಹೆಸರಿನಲ್ಲಿ, ಹೊರಗೆ ಓಡಾಡಿದ್ದು ಇನ್ನೊಂದು ಹೆಸರಿನಲ್ಲಿ. ಎರಡೂ ನಿಜವಾದದ್ದೇ. ಒಂದರಲ್ಲಿ ಸೆನ್ಸಾರ್ ಕತ್ತರಿ ಬಿದ್ದಿದೆ, ಇನ್ನೊಂದರಲ್ಲಿ ಇಲ್ಲ ಅನ್ನೋ ಲೆಕ್ಕ ಅಲ್ಲ ಅದು.

ಹಾಗಾದರೆ ಮಾಯ ಆಗಿದ್ದು ಯಾಕೆ? ಹಾಡುಗಳಿಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದರೆ ನಮ್ಮ ಕಸುಬಿನಲ್ಲಿ ದಿನಾ ತಲೆನೋವು ಕೊಡೋದು ಇದೇ. ಒಂದು ಸಿನಿಮಾದಲ್ಲಿ ಹೊರಗಿನ ಹಾಡು ಹಾಕಬೇಕಾದರೆ ಎರಡು ಬಾಗಿಲು ತಟ್ಟಬೇಕು. ಹಾಡು ಬರೆದು ರಾಗ ಹಾಕಿದವರ ಹಕ್ಕು ಒಬ್ಬರ ಕೈಯಲ್ಲಿರುತ್ತೆ. ಆ ಧ್ವನಿಮುದ್ರಣದ ಹಕ್ಕು ಇನ್ನೊಬ್ಬರ ಕೈಯಲ್ಲಿ, ಸಾಮಾನ್ಯವಾಗಿ ರೆಕಾರ್ಡ್ ಕಂಪನಿ ಕೈಯಲ್ಲಿ. ಇಬ್ಬರೂ ಒಪ್ಪಬೇಕು. ಒಪ್ಪಿದರೂ ಯಾವ ದೇಶಕ್ಕೆ, ಎಷ್ಟು ವರ್ಷಕ್ಕೆ, ಟಿವಿಗಾ ಥಿಯೇಟರಿಗಾ ಕ್ಯಾಸೆಟ್‌ಗಾ ಅಂತ ಒಂದೊಂದಕ್ಕೂ ಬೇರೆ ಬೇರೆ ರೇಟು. ಹಳೇ ಹಾಡಿನ ಒಂದು ತುಣುಕು ಬಳಸಿದ್ದಕ್ಕೆ ಕೋರ್ಟು ಮೆಟ್ಟಿಲು ಹತ್ತಿದ ಕನ್ನಡ ಸಿನಿಮಾಗಳ ಸುದ್ದಿ ನೀವೂ ಓದಿರ್ತೀರಿ. ಅದೇ ಕಥೆ ಇದು. ಫ್ರಾನ್ಸ್‌ನಲ್ಲಿ ಟಿವಿ ವಾಹಿನಿಗಳು ಸಾಸೆಮ್‌ನಂಥ ಹಕ್ಕು ಸಂಘಗಳ ಜೊತೆ ಒಟ್ಟಾರೆ ಒಪ್ಪಂದ ಮಾಡಿಕೊಂಡಿರ್ತವೆ, ಹಾಗಾಗಿ ಅಲ್ಲಿನ ಟಿವಿಗೆ ಹಾಡು ಹಾಕೋದು ಸಲೀಸು. ಆ ಸಿನಿಮಾ ದೇಶದ ಗಡಿ ದಾಟಿತೋ, ಒಂದೊಂದು ಹಾಡಿಗೂ ಹೊಸದಾಗಿ ಚೌಕಾಸಿ ಶುರು. ಈ ಸಿನಿಮಾದಲ್ಲಿರೋ ಹೆಸರುಗಳನ್ನು ನೋಡಿ: ಬಾಬ್ ಡಿಲನ್, ಜಾನಿಸ್ ಜಾಪ್ಲಿನ್, ಲಿಯೊನಾರ್ಡ್ ಕೊಹೆನ್, ಕ್ರೀಡೆನ್ಸ್, ರಾಕ್ಸಿ ಮ್ಯೂಸಿಕ್, ಆಲಿಸ್ ಕೂಪರ್. ಒಬ್ಬರಾದರೂ ಅಗ್ಗಕ್ಕೆ ಸಿಗೋರಾ? ಡಿವಿಡಿ ಮಾಡಿ ಐನೂರೋ ಸಾವಿರವೋ ಮಾರೋ ವಿತರಕ ಆ ಪಟ್ಟಿ ನೋಡಿಯೇ ಫೈಲು ಮುಚ್ಚಿಬಿಡ್ತಾನೆ. ಆ ಮಾಲೆಯ ಎಷ್ಟೋ ಸಿನಿಮಾಗಳು ಇವತ್ತಿಗೂ ಸುಲಭಕ್ಕೆ ಸಿಗದೆ ಇರೋದಕ್ಕೂ ಹಾಡಿನ ಹಕ್ಕೇ ದೊಡ್ಡ ಕಾರಣ.

ಹಾಡು ತೆಗೆದು ಬೇರೆ ಹಾಕಬಹುದಿತ್ತಲ್ವಾ ಅಂತ ಕೇಳಬಹುದು. ಎಷ್ಟೋ ಸಿನಿಮಾಗಳಿಗೆ ಹಾಗೆ ಮಾಡಿದ್ದಾರೆ. ಇದರಲ್ಲಿ ಆಗಲ್ಲ. ಆ ಬೆಂಕಿ ದೃಶ್ಯ ನಿಮಗೆ ನೆನಪಿದೆಯಲ್ಲ, ಉದ್ದದ ರೂಪದಲ್ಲಿ ಅದು ಹತ್ತಿರ ಹತ್ತಿರ ಅರ್ಧ ಗಂಟೆ ನಡೆಯುತ್ತೆ. ಮಾತು ತೀರಾ ಕಮ್ಮಿ. ಕ್ಯಾಮೆರಾ ಹುಡುಗ ಹುಡುಗಿಯರ ಮಧ್ಯೆ ತೂರಿಕೊಂಡು ಹೋಗ್ತಾ ಇರುತ್ತೆ, ಕೈಯಿಂದ ಕೈಗೆ ಹಶೀಶ್ ದಾಟುತ್ತೆ, ಹಾಡು ಜೋರಾದಾಗ ಬೆಂಕಿಗೆ ಕುರ್ಚಿ ಕಿಟಕಿ ಎಲ್ಲ ಬೀಳ್ತವೆ, ಹಾಡು ನಿಂತಾಗ ಎಲ್ಲರೂ ಚಳಿಯಲ್ಲಿ ಮುದುಡಿಕೊಳ್ತಾರೆ. ಇಲ್ಲಿ ಕಥೆ ಹೇಳ್ತಿರೋದೇ ಹಾಡುಗಳು. ಹಿನ್ನೆಲೆ ಸಂಗೀತ ಅಂತ ಬೇರೆ ಬರೆಸಿಯೇ ಇಲ್ಲ. ಹುಡುಗರು ಕುಣಿದಿರೋದು ಆ ತಾಳಕ್ಕೆ. ಅದರ ಮೇಲೆ ಬೇರೆ ಹಾಡು ಕೂರಿಸಿದರೆ ಮದುವೆ ವಿಡಿಯೋಗೆ ಸಿನಿಮಾ ಹಾಡು ಅಂಟಿಸಿದ ಹಾಗಿರುತ್ತೆ. ಸಿನಿಮಾದ ಜೀವ ಯಾವುದರಲ್ಲಿತ್ತೋ ಅದೇ ಅದನ್ನು 24 ವರ್ಷ ಕಟ್ಟಿಹಾಕಿತ್ತು. ಕೊನೆಗೆ 2018ರಲ್ಲಿ ಹೊಸದಾಗಿ ಶುದ್ಧಗೊಳಿಸಿದ ಪ್ರತಿ ಅಮೆರಿಕದ ಥಿಯೇಟರುಗಳಿಗೆ ಬಂತು, ಅದೇ ವರ್ಷ ಕ್ರೈಟೀರಿಯನ್ ಕಂಪನಿ ಡಿಸ್ಕ್ ತಂದಿತು.

ಮರೆಯೋಕೆ ಇನ್ನೂ ಒಂದು ಸಣ್ಣ ಕಾರಣ ಇದೆ. ಅದೇ ಮಾಲೆಯ ತೆಶಿನೆ ಸಿನಿಮಾ 'ಲೆ ರೊಜೊ ಸೊವಾಜ್' 1994ರಲ್ಲೇ ಕಾನ್‌ನಲ್ಲೂ ಇತ್ತು, ಮರುವರ್ಷ ಫ್ರಾನ್ಸ್‌ನ ಸೆಜಾರ್ ಸಿನಿಮಾ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರ ಸೇರಿ ನಾಲ್ಕು ಬಾಚಿಕೊಂಡಿತು. ಅಣ್ಣನಿಗೆ ರ‍್ಯಾಂಕ್ ಬಂದ ವರ್ಷ ತಮ್ಮ ಪಾಸಾಗಿದ್ದನ್ನ ಯಾರು ಕೇಳ್ತಾರೆ.

ಈಗ ನಿಮ್ಮ ಯಜಮಾನರ ಅನುಮಾನ. ಅವರ ಕಿವಿಗೆ ನಮಸ್ಕಾರ. ಡಿಲನ್‌ನ 'ನಾಕಿನ್ ಆನ್ ಹೆವೆನ್ಸ್ ಡೋರ್' ಬಂದಿದ್ದು 1973ರಲ್ಲೇ, ಕಥೆ ನಡೆಯೋದು 1972ರಲ್ಲೇ. ಆದರೆ ಆ ಹಾಡು ಮೂಲದಲ್ಲೇ ಇರೋದು, ಯಾರೂ ಆಮೇಲೆ ತುರುಕಿದ್ದಲ್ಲ. ಅಸಾಯಸ್ ಹುಟ್ಟಿದ್ದು 1955ರಲ್ಲಿ, 1972ರಲ್ಲಿ ಆತನಿಗೆ ಹದಿನೇಳು. ಹದಿನೇಳರಲ್ಲಿ ಕೇಳಿದ ಹಾಡು ಯಾವುದು, ಹದಿನೆಂಟರಲ್ಲಿ ಕೇಳಿದ್ದು ಯಾವುದು ಅಂತ ನೆನಪು ಕ್ಯಾಲೆಂಡರ್ ನೋಡಿ ಜೋಡಿಸಿಡಲ್ಲ. ನಾನಾಗಿದ್ದರೂ ಆ ಹಾಡು ಬಿಡ್ತಿರಲಿಲ್ಲ. ಇನ್ನು ಶ್ರುತಿ. ಸಿನಿಮಾ ಓಡೋದು ಸೆಕೆಂಡಿಗೆ 24 ಚೌಕಟ್ಟು, ಯುರೋಪಿನ ಟಿವಿ ಓಡ್ತಿದ್ದದ್ದು 25. ಹೊಂದಿಸೋಕೆ ಅಂತ ಸಿನಿಮಾವನ್ನೇ ಸುಮಾರು ನೂರಕ್ಕೆ ನಾಲ್ಕರಷ್ಟು ಬೇಗ ಓಡಿಸೋದು ರೂಢಿ. ಆಗ ಒಂದೂವರೆ ಗಂಟೆ ಸಿನಿಮಾದಲ್ಲಿ ಮೂರು ನಾಲ್ಕು ನಿಮಿಷ ಕಮ್ಮಿ ಆಗುತ್ತೆ, ಹಾಡಿನ ಶ್ರುತಿ ಹಾರ್ಮೋನಿಯಂ ಲೆಕ್ಕದಲ್ಲಿ ಅರ್ಧ ಮನೆಗಿಂತ ಸ್ವಲ್ಪ ಕಮ್ಮಿ ಮೇಲೇರುತ್ತೆ. ನಿಮ್ಮ ಕಾಪಿ ಯಾರೋ ಟಿವಿಯಿಂದ ಹಿಡಿದುಕೊಂಡಿದ್ದಾದರೆ ಇಷ್ಟೇ ವಿಷಯ. ಸದ್ದಿಲ್ಲದ ಎರಡು ಜಾಗ ಮಾತ್ರ ಕೈಯಾಡಿಸಿದ್ದೇ, ಅದೂ ಮನುಷ್ಯರಲ್ಲ. ಹಕ್ಕಿರೋ ಹಾಡು ಕಂಡರೆ ವಿಡಿಯೋ ತಾಣಗಳು ತಾವೇ ಸದ್ದು ಅಡಗಿಸ್ತವೆ.

ಒಂದು ಸಲ ನಾನೂ ಬೇಸ್ತು ಬಿದ್ದಿದ್ದೀನಿ. ಒಂದು ಉತ್ಸವಕ್ಕೆ ಅಂತ ತರಿಸಿದ ಬೇರೊಂದು ಸಿನಿಮಾದ ಟಿವಿ ರೂಪ ಬಂದಿತ್ತು, ಡಬ್ಬಿ ಮೇಲೆ ಹೆಸರು ಸರಿಯಾಗೇ ಇತ್ತು, ನಾನು ಅವಧಿ ನೋಡದೆ ಸಹಿ ಹಾಕಿದ್ದೆ. ನಲವತ್ತೈದನೇ ನಿಮಿಷಕ್ಕೆ ಸಿನಿಮಾ ಮುಗಿದು ಹಾಲ್‌ನಲ್ಲಿ ದೀಪ ಬಂತು. ಜನ ಇಂಟರ್ವಲ್ ಅಂದುಕೊಂಡು ಕಾಫಿಗೆ ಹೋದರು. ಅವತ್ತಿಂದ ಮೊದಲು ನಿಮಿಷ ಎಣಿಸ್ತೀನಿ, ಆಮೇಲೆ ಹೆಸರು ಓದ್ತೀನಿ.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರ್ತೀನಿ. ಮಗನಿಗೆ ತೋರಿಸಬಹುದಾ?

ಓಡಿಹೋಗೋದನ್ನ ಇದು ಕಲಿಸುತ್ತೆ ಅನ್ನೋ ಭಯ ಬಿಡಿ. ಈ ಮಕ್ಕಳು ಸುಮ್ನೆ ಶೋಕಿಗೆ ಹೊರಟವರಲ್ಲ. ರೆಕಾರ್ಡ್ ಕದ್ದಾಗ ಜಿಲ್ ತಪ್ಪಿಸಿಕೊಳ್ತಾನೆ, ಕ್ರಿಸ್ತೀನ್ ಸಿಕ್ಕಿಬೀಳ್ತಾಳೆ. ಅಪ್ಪ ಅಮ್ಮ ಬೇರೆಯಾಗಿದ್ದಾರೆ. ಅಪ್ಪ ಅವಳನ್ನು ಮಾನಸಿಕ ಚಿಕಿತ್ಸೆಯ ಕ್ಲಿನಿಕ್ಕಿಗೆ ಹಾಕಿಸ್ತಾನೆ. ಅಲ್ಲಿಂದ ತಪ್ಪಿಸಿಕೊಂಡು ಬಂದವಳೇ ಆ ಬೆಂಕಿ ಹತ್ತಿರ ಸೇರೋದು. ಇದರ ಹಿಂದೆ ಆ ಕಾಲದ ಫ್ರಾನ್ಸ್ ಇದೆ. 1972ರಲ್ಲಿ ಅಲ್ಲಿ ವಯಸ್ಕರಾಗೋ ವಯಸ್ಸು 21. ಅದು 18ಕ್ಕೆ ಇಳಿದಿದ್ದು 1974ರಲ್ಲಿ. ಕಾನೂನಿನಲ್ಲಿ ಮಕ್ಕಳ ಮೇಲಿನ 'ತಂದೆಯ ಅಧಿಕಾರ' ಅನ್ನೋದು ಹೋಗಿ 'ತಂದೆ ತಾಯಿಯ ಅಧಿಕಾರ' ಅಂತ ಆಗಿದ್ದೇ 1970ರಲ್ಲಿ. ಅಂದರೆ ವಿದ್ಯಾರ್ಥಿಗಳು, ಕಾರ್ಮಿಕರು ಬೀದಿಗಿಳಿದ 1968ರ ಮೇ ಗಲಾಟೆ ಆಗಿ ನಾಲ್ಕು ವರ್ಷ ಕಳೆದಿದೆ, ಬೀದಿಯಲ್ಲಿ ಎಲ್ಲ ಬದಲಾಗಿದೆ ಅನ್ನಿಸುತ್ತೆ, ಮನೆ ಶಾಲೆ ಪೊಲೀಸ್ ಠಾಣೆ ಒಳಗೆ ಏನೂ ಬದಲಾಗಿಲ್ಲ. ಹದಿನೇಳರ ಹುಡುಗಿ ತನ್ನ ಮಾತು ತಾನು ಆಡೋಕೆ ಇನ್ನೂ ನಾಲ್ಕು ವರ್ಷ ಕಾಯಬೇಕು. ಈ ಹಿನ್ನೆಲೆ ಮಗನಿಗೆ ಎರಡು ನಿಮಿಷ ಹೇಳಿ, ಇಲ್ಲದಿದ್ದರೆ ಅವನಿಗೆ ಅವರು ಬರೀ ತಲೆಹರಟೆಗಳ ಥರ ಕಾಣಬಹುದು.

ಮನೆ ಬಿಟ್ಟ ಮೇಲಿನ ಭಾಗದಲ್ಲಿ ಮಜಾ ಅನ್ನೋದು ಏನೂ ಇಲ್ಲ. ದೂರದಲ್ಲಿ ಕಲಾವಿದರ ಒಂದು ಗುಂಪು ಒಟ್ಟಿಗೆ ಬದುಕ್ತಿದೆ, ಅಲ್ಲಿಗೆ ಹೋದರೆ ಸಾಕು ಅಂತ ಹೊರಡ್ತಾರೆ. ಚಳಿ, ನಡಿಗೆ, ಬೋಳು ಬೆಟ್ಟ, ಕೊರೆಯೋ ನೀರು. ಆದರೆ ನನ್ನ ಆತಂಕ ಬೇರೆ ಕಡೆ ಇದೆ, ಅದು ಕೊನೆಯಲ್ಲಿ. ಕ್ರಿಸ್ತೀನ್ ಹೊಳೆ ಹತ್ತಿರ ಇರ್ತಾಳೆ, ಆಮೇಲೆ ಇರಲ್ಲ. ಜಿಲ್ ಕೈಗೆ ಒಂದು ಹಾಳೆ ಸಿಗುತ್ತೆ, ಅದರಲ್ಲಿ ಏನೂ ಬರೆದಿಲ್ಲ. ಹೋದಳಾ, ಸತ್ತಳಾ, ಸಿನಿಮಾ ಹೇಳಲ್ಲ. ನಿಮಗೆ ಮೂವತ್ತು ವರ್ಷ ಮನಸ್ಸಲ್ಲಿ ಉಳಿದಿದ್ದು ಅದೇ ಅಲ್ವಾ? ನೆಮ್ಮದಿಯಾಗಿರೋ ಹುಡುಗನಿಗೆ ಅದೊಂದು ಒಳ್ಳೇ ಪ್ರಶ್ನೆ. ಈಗಾಗಲೇ ಒಳಗೊಳಗೇ ಕುಸಿದಿರೋ ಹುಡುಗ ಅದನ್ನು ಬೇರೆ ಥರ ಓದಿಕೊಳ್ಳಬಹುದು. ಹಾಗಾಗಿ ಮಗನ ಜೊತೆ ಕೂತು ನೋಡಿ ಅಂತ ಧೈರ್ಯವಾಗಿ ಹೇಳ್ತೀನಿ, ಮೊದಲು ನೀವೊಬ್ಬರೇ ಇನ್ನೊಂದು ಸಲ ಪೂರ್ತಿ ನೋಡಿದ ಮೇಲೆ. ಮಾದಕ ವಸ್ತು ಇದೆ, ನಗ್ನತೆ ಸ್ವಲ್ಪ ಇದೆ, ಹುಡುಗಿ ಕತ್ತರಿ ಹಿಡಿದು ತನ್ನ ಕೂದಲು ಕತ್ತರಿಸಿಕೊಳ್ಳೋ ದೃಶ್ಯ ಇದೆ, ಅವು ನಿಮ್ಮ ಮನೆಯ ರೀತಿಗೆ ಒಗ್ಗುತ್ತಾ ಅಂತ ನೀವೇ ನೋಡಿಕೊಳ್ಳಿ. ಹೋದ ವರ್ಷ ಮನೆ ಬಿಟ್ಟಿದ್ದ ಆ ಹುಡುಗನೂ ಬರ್ತಾನೆ ಅಂದರೆ ನಾನು ತೋರಿಸಲ್ಲ. ನಾನು ಮನೋವೈದ್ಯನಲ್ಲ, ಆದರೆ ಬೇರೆಯವರ ಮಗುವಿನ ಗಾಯ ಎಲ್ಲಿದೆ ಅಂತ ನಮಗೆ ಗೊತ್ತಿರಲ್ಲ. ಆ ಹುಡುಗನ ಬಗ್ಗೆ ಮತ್ತೆ ಭಯ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098 ಇದೆ, ಅವನ ಮನೆಯವರಿಗೆ ಹೇಳಿ.

ಇನ್ನೊಂದು ಕೆಲಸ ದಯವಿಟ್ಟು ಮಾಡಬೇಡಿ. ಬೆಂಕಿ ದೃಶ್ಯ ಚೆನ್ನಾಗಿದೆ ಅಂತ ಅದೊಂದನ್ನೇ ಕತ್ತರಿಸಿ ಗ್ರೂಪಿಗೆ ಕಳಿಸಬೇಡಿ. ಅಷ್ಟನ್ನೇ ನೋಡಿದವರಿಗೆ ಮನೆ ಬಿಟ್ಟ ರಾತ್ರಿ ಜಗತ್ತಿನಲ್ಲೇ ಸುಂದರವಾದ ರಾತ್ರಿ ಅನ್ನಿಸುತ್ತೆ. ಬೆಳಗಾದ ಮೇಲಿನ ಕಥೆ ಅದರ ಜೊತೆಗೇ ಬರಬೇಕು.

ಅಪಾರ್ಟ್‌ಮೆಂಟ್ ಹಾಲ್ ವಿಷಯಕ್ಕೆ ನೇರವಾಗಿ ಬೇಡ ಅಂತೀನಿ. ಮನೆಯಲ್ಲಿ ಮನೆಯವರ ಜೊತೆ ನೋಡೋದು ಒಂದು. ನೋಟೀಸ್ ಹಚ್ಚಿ ಜನ ಸೇರಿಸೋದು ಇನ್ನೊಂದು. ಡಿಸ್ಕ್ ಕೊಂಡರೆ ಸಿಗೋದು ಮನೆಯಲ್ಲಿ ನೋಡೋ ಹಕ್ಕು ಮಾತ್ರ. ಸಾರ್ವಜನಿಕವಾಗಿ ತೋರಿಸಬೇಕಾದರೆ ಹಕ್ಕುದಾರರ ಹತ್ತಿರ ಪ್ರದರ್ಶನಕ್ಕೆ ಬೇರೆ ಅನುಮತಿ ತಗೋಬೇಕು. ನಮ್ಮ ದೇಶದ ಸೆನ್ಸಾರ್ ಪ್ರಮಾಣಪತ್ರ ಇಲ್ಲದ ಸಿನಿಮಾಗೆ ಅದರ ತೊಡಕು ಬೇರೆ. ಚಿತ್ರೋತ್ಸವಗಳು ವಿನಾಯಿತಿ ತಗೊಂಡು ತೋರಿಸ್ತವೆ, ಅಲ್ಲೂ ಸಾಮಾನ್ಯವಾಗಿ 18 ತುಂಬಿದವರಿಗೆ ಮಾತ್ರ ಪ್ರವೇಶ. ನಿಮ್ಮೂರಲ್ಲಿ ಫಿಲ್ಮ್ ಸೊಸೈಟಿ ಇದ್ದರೆ ಅವರನ್ನು ಕೇಳಿ, ಈ ಕಾಗದ ಪತ್ರದ ದಾರಿ ಅವರಿಗೆ ಗೊತ್ತಿರುತ್ತೆ.

ಡಿಸ್ಕ್ ತರಿಸೋದಾದರೆ ದುಡ್ಡು ಕೊಡೋ ಮೊದಲು ಇದನ್ನು ಓದಿ. ಡಿಸ್ಕ್‌ಗೂ ಪ್ಲೇಯರ್‌ಗೂ ದೇಶಕ್ಕೆ ತಕ್ಕ ಹಾಗೆ ವಲಯ ಅಂತ ಒಂದು ಬೀಗ ಇರುತ್ತೆ. ಕ್ರೈಟೀರಿಯನ್‌ನ ಅಮೆರಿಕದ ಬ್ಲೂ-ರೇ ಓಡೋದು ಎ ವಲಯದ ಪ್ಲೇಯರ್‌ನಲ್ಲಿ, ಭಾರತ ಇರೋದು ಸಿ ವಲಯದಲ್ಲಿ. ಡಿವಿಡಿಯಾದರೆ ಅಲ್ಲಿಯದು 1, ನಮ್ಮದು 5. ಇಲ್ಲಿನ ಅಂಗಡಿಯಲ್ಲಿ ಕೊಂಡ ಮಾಮೂಲಿ ಪ್ಲೇಯರ್‌ಗೆ ಹಾಕಿದರೆ ಪರದೆ ಮೇಲೆ ಒಂದು ಸಾಲು ಕ್ಷಮೆ ಕೇಳಿ ಸುಮ್ಮನಾಗುತ್ತೆ. ಎಲ್ಲ ವಲಯಕ್ಕೂ ಓಡೋ ಪ್ಲೇಯರ್ ಬೇಕು. ಕಂಪ್ಯೂಟರಿನ ಡಿವಿಡಿ ಡ್ರೈವ್‌ನಲ್ಲಿ ವಲಯ ಬದಲಿಸಬಹುದು, ಆದರೆ ಸಾಮಾನ್ಯವಾಗಿ ಐದೇ ಸಲ, ಐದನೇದಕ್ಕೆ ಅಲ್ಲೇ ನಿಂತುಬಿಡುತ್ತೆ. ಕ್ರೈಟೀರಿಯನ್‌ನ ಸ್ಟ್ರೀಮಿಂಗ್ ಅಮೆರಿಕ ಮತ್ತು ಕೆನಡಾಕ್ಕೆ ಮಾತ್ರ. ಆ ಕಡೆ ಇರೋ ನೆಂಟರ ಮನೆಗೆ ಹೋದಾಗ ನೋಡೋದು ಎಲ್ಲಕ್ಕಿಂತ ಸುಲಭದ ದಾರಿ. ಸಬ್‌ಟೈಟಲ್ ಇಂಗ್ಲಿಷ್, ನಿಮಗೆ ಫ್ರೆಂಚ್ ಬರೋದರಿಂದ ಮಗನಿಗೆ ಅಲ್ಲಲ್ಲಿ ನೀವೇ ಹೇಳಬಹುದು.

ಈಗಿರೋ ಕಾಪಿಯನ್ನೇ ತೋರಿಸ್ತೀನಿ ಅಂದರೆ, ಅದು ಹಕ್ಕಿಲ್ಲದ ಕಾಪಿ ಅನ್ನೋದು ನಿಮಗೂ ಗೊತ್ತು, ಅದನ್ನು ನಾನು ಬಾಯಿಬಿಟ್ಟು ಹೇಳಬೇಕಿಲ್ಲ. ಅದು ಬಿಟ್ಟರೂ, ಈ ಸಿನಿಮಾವನ್ನು ಎರಡು ಕಡೆ ಮೂಗನಾಗಿರೋ ಕಾಪಿಯಲ್ಲಿ ಮೊದಲ ಸಲ ನೋಡೋದು ನಿಮ್ಮ ಮಗನಿಗೆ ಮೋಸ. ಸದ್ದು ಹೋಗಿರೋದು ಬೆಂಕಿ ದೃಶ್ಯದಲ್ಲೇನಾ? ನನ್ನ ಊಹೆ ಹೌದು ಅಂತ. ಯಜಮಾನರಿಗೆ ಕೇಳಿ ನೋಡಿ, ಅಲ್ಲಿ ತುಟಿ ಕುಣಿತ ನೋಡಿಯೇ ಯಾವ ಹಾಡು ಅಂತ ಹೇಳಿಬಿಡ್ತಾರೆ.